ಫೂಫಿ ನನ್ನ ಕಾಲೇಜು ನೋಡಿ ಬಂದದ್ದು

ನಮ್ಮ ಮನೆಯ ಹುಡುಗಿಯರನ್ನು ಯಾವ ಮನೆಗೆ ಕೊಡಬೇಕು, ಯಾವ ಮನೆಗೆ ಕೊಡಬಾರದು ಎಂದು ತೀರ್ಮಾನಿಸುತ್ತಿದ್ದವಳು ಫೂಫಿ, ಅಂದರೆ ಅಬ್ಬಾನ ಅಕ್ಕ. ಸಂಬಂಧದ ಮಾತು ಬಂದಾಗ ವರನನ್ನು ನೋಡಲು ಗಂಡಸರು ಹೋಗುತ್ತಿದ್ದರು. ಮನೆಯನ್ನು ನೋಡಲು ಮಾತ್ರ ಫೂಫಿಯೇ ಆಗಬೇಕು. ಅವಳು ಹೇಳದೆ ಕೇಳದೆ ಹೋಗಿ ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಳಗೆ ಸೊಸೆಯಂದಿರು ನಗುತ್ತ ಮಾತಾಡುತ್ತಿದ್ದಾರೆಯೇ, ಅತ್ತೆ ಕಾಲಿಟ್ಟೊಡನೆ ಆ ನಗು ನಿಲ್ಲುತ್ತದೆಯೇ, ಇಷ್ಟೇ ಅವಳ ಪರೀಕ್ಷೆ. ನಗು ನಿಂತರೆ ಆ ಮನೆ ಬೇಡ. ಮುಂದಿನ ಮಾತಿಲ್ಲ.

ನನ್ನ ಅಕ್ಕನಿಗೆ ಬಬಲೇಶ್ವರದ ಒಂದು ದೊಡ್ಡ ಮನೆಯಿಂದ ಸಂಬಂಧ ಬಂದಿತ್ತು. ಬಾವಿ ನೀರಿನ ಹೊಲ, ಕಲ್ಲಿನ ಮಾಳಿಗೆ, ಹುಡುಗ ಸರಕಾರಿ ನೌಕರ. ಅಬ್ಬಾ ಮನಸ್ಸಿನಲ್ಲಿಯೇ ನಿಕಾಹ್ ಮುಗಿಸಿಬಿಟ್ಟಿದ್ದರು. ಫೂಫಿ ಹೋಗಿ ಬಂದು ಬುರ್ಖಾ ಗೂಟಕ್ಕೆ ಹಾಕುತ್ತ, “ಅತ್ತಿ ಕೆಮ್ಮಿದ್ಲು ನೋಡು, ಸೊಸ್ತ್ಯಾರೆಲ್ಲಾ ಗಪ್ಪಾದ್ರು. ಬ್ಯಾಡ,” ಅಂದಳು. ನಮ್ಮ ಮನೆಮಾತು ಅರ್ಧ ಉರ್ದು, ಅರ್ಧ ಕನ್ನಡ. ತೀರ್ಪು ಕೊಡುವಾಗ ಮಾತ್ರ ಫೂಫಿ ಅಪ್ಪಟ ಕನ್ನಡಕ್ಕೇ ಬರುತ್ತಿದ್ದಳು. ಅಕ್ಕನನ್ನು ಕೊನೆಗೆ ಕಳ್ಳಕವಟಗಿಯ ಸಣ್ಣ ಮನೆಯೊಂದಕ್ಕೆ ಕೊಟ್ಟೆವು. ಅಲ್ಲಿ ಎಲ್ಲರಿಗಿಂತ ಜೋರಾಗಿ ನಗುವವಳು ಅತ್ತೆಯೇ ಆಗಿದ್ದಳು.

ಎಪ್ಪತ್ತರ ದಶಕದ ಮಾತು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಟಿಕೋಟಾದ ನಮ್ಮ ಓಣಿಯಿಂದ ಯಾವ ಹುಡುಗಿಯೂ ವಿಜಾಪುರದ ಕಾಲೇಜಿಗೆ ಹೋಗಿರಲಿಲ್ಲ. ಅಬ್ಬಾಗೆ ಬೇಡವೆನ್ನುವ ಮನಸ್ಸಿಲ್ಲ, ಹೂಂ ಎನ್ನುವ ಧೈರ್ಯವಿಲ್ಲ. ಒಂದು ಸಂಜೆ ಸಂತೆಯಿಂದ ಬಂದು, ಮಾರುವ ಬಟ್ಟೆಯ ಗಂಟು ಇಳಿಸಿ, “ನಿನ್ನ ಫೂಫಿ ಹೋಗಿ ಅಲ್ಲಿ ವಾತಾವರಣ ಹೆಂಗೈತಿ ನೋಡಿ ಬರ್ಲಿ. ಆಕಿ ಹೂಂ ಅಂದ್ರ ಹೋಗು. ಇಲ್ಲಂದ್ರ ಹೊಲಿಗಿ ಕಲಿ,” ಎಂದರು. ಹೊಲಿಗೆ ಮಷಿನ್ನು ಆಗಲೇ ಪಡಸಾಲೆಗೆ ಬಂದು ಕುಳಿತಿತ್ತು. ಅದನ್ನು ಕಂಡರೇ ನನಗೆ ಮೈ ಉರಿಯುತ್ತಿತ್ತು.

ಫೂಫಿಯ ಜೊತೆ ನಾನೂ ಬಸ್ಸು ಹತ್ತಿದೆ, ದಾರಿಯುದ್ದಕ್ಕೂ ಯೋಚನೆ. ಗಂಡುಹುಡುಗರು ಗೇಟಿನಲ್ಲಿ ಸೀಟಿ ಹೊಡೆದರೆ? ಯಾರಾದರೂ ಮೇಷ್ಟ್ರು ಫೂಫಿಗೆ ಎದುರು ಮಾತಾಡಿದರೆ? ಕಾಲೇಜು ಅಂದರೆ ಬೀಗರ ಮನೆಯಲ್ಲ ಎಂದು ಅವಳಿಗೆ ತಿಳಿಸಿ ಹೇಳಲು ನೋಡಿದೆ.

“ಫೂಫಿ, ಅಲ್ಲಿ ಅತ್ತಿ ಇರಂಗಿಲ್ಲ.”

“ಅತ್ತಿ ಇಲ್ಲದ ಜಾಗಾ ಎಲ್ಲೈತಿ ಲೇ ಹುಡುಗಿ?” ಅಂದು ಅವಳು ಕಿಟಕಿಯ ಕಡೆ ತಿರುಗಿದಳು.

ಕಾಲೇಜಿನ ಗೇಟಿನ ಹತ್ತಿರ ಸೈಕಲ್ ಹಿಡಿದುಕೊಂಡು ಹುಡುಗರು ನಿಂತೇ ಇದ್ದರು. ಸೀಟಿ ಹೊಡೆಯಲಿಲ್ಲ, ಆದರೆ ನೋಡಿದರು. ನಾನು ನೆಲ ನೋಡುತ್ತ ನಡೆದೆ. ಫೂಫಿ ಅವರ ಕಡೆ ತಿರುಗಲೂ ಇಲ್ಲ. “ಇಂಥಾ ಗಂಡಹುಡುಗರನ್ನ ಎಲ್ಲಾ ಕಡೆ ನೋಡೇನಿ. ಹುಡುಗ್ಯಾರು ಎಲ್ಲದಾರ, ಅದನ್ನ ತೋರಸು,” ಅಂದಳು. ಸಿಪಾಯಿಯನ್ನು ಕೇಳಿದೆವು. ಲೈಬ್ರರಿಯ ಹಿಂದೆ ಹುಡುಗಿಯರ ಕೋಣೆ ಇದೆ ಎಂದ.

ಕೋಣೆಯ ಬಾಗಿಲಿಗೆ ಹಳೆಯ ಪರದೆ ಕಟ್ಟಿತ್ತು. ಒಳಗಿನಿಂದ ನಗು ಕೇಳಿಸುತ್ತಿತ್ತು, ಸಣ್ಣಪುಟ್ಟ ನಗುವಲ್ಲ, ಬೆಂಚು ಬಡಿದು ನಗುವ ನಗು. ನನಗೆ ಹೋದ ಜೀವ ಬಂದಂತಾಯಿತು. ಇನ್ನೇನು, ಗೆದ್ದೆ ಅಂದುಕೊಂಡೆ. ಫೂಫಿ ಪರದೆ ಸರಿಸಿ ಒಳಗೆ ಕಾಲಿಟ್ಟಳು.

ನಗು ಅಲ್ಲಿಗೇ ನಿಂತಿತು. ಎಲ್ಲರೂ ಎದ್ದು ನಿಂತರು. ಒಬ್ಬಳು ಸೆರಗು ಸರಿಮಾಡಿಕೊಂಡಳು, ಇನ್ನೊಬ್ಬಳು “ಕುಂದರ್ರಿ” ಎಂದು ಬೆಂಚು ಒರೆಸಿದಳು. ಫೂಫಿ ಅವರನ್ನು ಒಮ್ಮೆ ನೋಡಿ, ತಿರುಗಿ ಹೊರಗೆ ಬಂದಳು.

“ಬ್ಯಾಡ. ನಡಿ, ಬಸ್ಸಿಗೆ ಹೊತ್ತಾತು.”

ಭಯ ಹೋಗಿ ಸಿಟ್ಟು ಬಂತು. ಫೂಫಿಗೆ ಎದುರು ಮಾತಾಡಿದವರು ನಮ್ಮ ಮನೆಯಲ್ಲಿ ಇರಲಿಲ್ಲ. ಅವತ್ತು ಬೇವಿನ ಗಿಡದ ಕೆಳಗೆ ಅವಳ ಬುರ್ಖಾ ಜಗ್ಗಿ ನಿಲ್ಲಿಸಿದೆ.

“ಅವರು ನಿನ್ನ ನೋಡಿ ಗಪ್ಪಾದ್ರು ಫೂಫಿ!”

“ನಾ ಏನ ಹುಲಿ ಏನ?”

“ಅವರ ಪಾಲಿಗೆ ನೀನ ಅತ್ತಿ. ನೀ ಹೋದ ಮನಿಯಾಗೆಲ್ಲಾ ಹಿತ್ತಲದಾಗ ನಿಂತು ಕೇಳತಿದ್ದಿ. ಇಲ್ಲಿ ನೀನ ಒಳಗ ಹೋಗಿ ನಿಂತಿ!”

ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಹೊಡೆಯಲಿಲ್ಲ. ತಿರುಗಿ ಆ ಕೋಣೆಯ ಪರದೆಯ ಕಡೆ ನೋಡಿದಳು. ಇಷ್ಟು ಮನೆ ನೋಡಿದವಳಿಗೆ ತನ್ನ ಪದ್ಧತಿಯಲ್ಲೇ ತಪ್ಪಿದ್ದು ಹೊಸದು.

“ಹಂಗಾರ ನೀ ಒಬ್ಬಾಕಿನ ಹೋಗು,” ಅಂದಳು ಕೊನೆಗೆ. “ನಾ ಹಿಂದ ಕಿಟಕಿ ಕೆಳಗ ನಿಂತಿರ್ತೇನಿ. ನೀ ಹೊಕ್ಕ ಮ್ಯಾಲ ಅವರು ನಗತಾರೇನ ಕೇಳ್ತೇನಿ. ಅವರವರ ನಕ್ಕರ ಏನ ಬಂತು? ನಿನ್ನ ಕೂಡ ನಗಬೇಕು.”

ಈಗ ನಿಜವಾದ ಹೆದರಿಕೆ ಶುರುವಾಯಿತು. ಅಲ್ಲಿಯ ತನಕ ಫೂಫಿಯ ಬಗ್ಗೆ ಹೆದರಿದ್ದೆ, ಈಗ ನನ್ನ ಬಗ್ಗೆಯೇ. ನನ್ನ ಎಣ್ಣೆ ಸೋರುವ ಜಡೆ, ಅಬ್ಬಾ ಉಳಿದ ಬಟ್ಟೆಯಲ್ಲಿ ಹೊಲಿಸಿದ ಕುಪ್ಪಸ, ಬಾಯಿ ಬಿಟ್ಟರೆ ಓಣಿಯೆಲ್ಲ ಕೇಳುವ ದನಿ. ಪಟ್ಟಣದ ಹುಡುಗಿಯರು ನನ್ನ ಜೊತೆ ಯಾಕೆ ನಗುತ್ತಾರೆ? ನನ್ನನ್ನು ನೋಡಿ ನಕ್ಕರೆ ಮುಗಿದೇ ಹೋಯಿತು, ಆ ನಗುವಿನ ಸದ್ದೇ ಬೇರೆ, ಅದು ಫೂಫಿಗೆ ಚೆನ್ನಾಗಿ ಗೊತ್ತು.

ಒಳಗೆ ಹೋದೆ. ಮತ್ತೆ ಮೌನ. ಎರಡು ಜಡೆಯ ಒಬ್ಬಳು ಕೇಳಿದಳು, “ಯಾವೂರ್ರಿ?”

“ಟಿಕೋಟಾರಿ.”

“ಈಗ ಬಂದು ಹೋದಾಕಿ ನಿಮ್ಮ ತಾಯೇನ್ರಿ?” ಬೆಂಚು ಒರೆಸಿದ್ದ ಹುಡುಗಿ ಕೇಳಿದಳು. ಅವಳು ಜೋರಾಪುರ ಪೇಟೆಯವಳು ಎಂದು ಆಮೇಲೆ ತಿಳಿಯಿತು.

“ಅಲ್ರಿ, ನಮ್ಮ ಫೂಫಿ.”

ಅಷ್ಟಕ್ಕೇ ಮಾತು ಮುಗಿಯಿತು. ಎಲ್ಲರೂ ಎಷ್ಟು ಮರ್ಯಾದೆಯಿಂದ ಇದ್ದರೆಂದರೆ ನನಗೆ ಅಳುವೇ ಬಂತು. ಕಿಟಕಿಯ ಕೆಳಗೆ ಒಣಗಿದ ಎಲೆಯ ಮೇಲೆ ಫೂಫಿಯ ಚಪ್ಪಲಿ ಸರಿದದ್ದು ಕೇಳಿಸಿತು. ಹೊರಟುಬಿಟ್ಟಳೇನೋ ಅನ್ನಿಸಿ ನನಗೆ ತಡೆಯಲಾಗಲಿಲ್ಲ. ಪಿಸುಗುಟ್ಟಬೇಕೆಂದೇ ಬಾಯಿ ತೆರೆದೆ. ಆದರೆ ನನ್ನ ದನಿಗೆ ಪಿಸುಮಾತು ಗೊತ್ತಿದ್ದರಲ್ಲವೇ!

“ನಮ್ಮ ಫೂಫಿ ಕಿಟಕಿ ಕೆಳಗ ನಿಂತಾಳ್ರಿ. ನೀವು ನನ್ನ ಕೂಡ ನಗಲಿಲ್ಲಂದ್ರ ನನ್ನ ಕಾಲೇಜು ಇವತ್ತಿಗೆ ಮುಗೀತ್ರಿ. ನಿಮ್ಮ ಕಾಲಿಗೆ ಬೀಳ್ತೇನಿ, ಒಂದೀಟು ನಗ್ರಿ!”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ಜಡೆಯವಳು ಬಾಯಿಗೆ ಕೈ ಅಡ್ಡ ಹಿಡಿದಳು. ಹಿಡಿದದ್ದು ಉಪಯೋಗವಾಗಲಿಲ್ಲ, ಮೂಗಿನಿಂದಲೇ ನಗು ಹೊರಬಿತ್ತು. ಆಮೇಲೆ ಯಾರನ್ನೂ ಹಿಡಿಯುವಂತಿರಲಿಲ್ಲ. “ನಗಲಿಲ್ಲಂದ್ರ ಮುಗೀತಂತ ಬೇ!” ಎನ್ನುತ್ತ ಪೇಟೆಯ ಹುಡುಗಿ ನನ್ನ ಕೈ ಜಗ್ಗಿ ಪಕ್ಕದಲ್ಲಿ ಕೂಡಿಸಿಕೊಂಡಳು. ಬೆಂಚು ಬಡಿಯುವ ಸದ್ದು ಮತ್ತೆ ಎದ್ದಿತು. ನಾನು ಅಳುತ್ತಲೇ ನಗುತ್ತಿದ್ದೆ.

ವಾಪಸು ಬರುವಾಗ ಫೂಫಿ ಸರಸರನೆ ಮುಂದೆ ನಡೆದಳು. ಏನು ತೀರ್ಮಾನಿಸಿದೆ ಎಂದು ಕೇಳುವ ಧೈರ್ಯ ನನಗಿಲ್ಲ. ಕಿಟಕಿ ತೆರೆದೇ ಇತ್ತು ಎನ್ನುವುದು ಬಸ್ಸು ಹತ್ತಿದ ಮೇಲೆ ನೆನಪಾಯಿತು, ನಾನು ಅಂಗಲಾಚಿದ್ದೂ ಅವಳ ಕಿವಿಗೆ ಬಿದ್ದಿರಬೇಕು. ಕೇಳಿ ಪಡೆದ ನಗು ಅದು. ಅದು ಲೆಕ್ಕಕ್ಕೆ ಬರುತ್ತದೆಯೇ? ಅವಳ ಮುಖ ನೋಡಿದೆ. ಏನೂ ತಿಳಿಯಲಿಲ್ಲ.

ಅಬ್ಬಾ ಕಟ್ಟೆಯ ಮೇಲೆಯೇ ಕಾಯುತ್ತಿದ್ದರು. “ಹೆಂಗೈತಿ ಆಪಾ ಅಲ್ಲಿ?”

“ಈಕಿ ನಗ್ರಿ, ನಿಮ್ಮ ಕಾಲಿಗೆ ಬೀಳ್ತೇನಿ ಅಂತ ಅವರಿಗೆ ಅಂದ್ಲು,” ಅಂದಳು ಫೂಫಿ.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅಬ್ಬಾ ನನ್ನನ್ನು ನೋಡಿದರು.

“ಸುಳ್ಳ ನಗಿ ನನಗ ತಿಳಿತೈತಿ. ಅದು ಸುಳ್ಳಿದ್ದಿಲ್ಲ. ಕಷ್ಟ ಐತಿ ಅಂತ ಬಾಯಿ ಬಿಟ್ಟು ಹೇಳಿದ್ಲು, ಅವರು ತಮ್ಮ ನಗಿಯಾಗ ಕೂಡಿಸಿಕೊಂಡ್ರು. ಕಳಸು.”

ಅಬ್ಬಾ ತಲೆಯಾಡಿಸಿದರು. ನನಗೆ ಕುಣಿಯಬೇಕೆನ್ನಿಸಿತು. ಆದರೆ ಫೂಫಿ ಇನ್ನೂ ಅಲ್ಲೇ ನಿಂತಿದ್ದಳು, ಬುರ್ಖಾ ತೆಗೆಯುವುದನ್ನೂ ಮರೆತು. ಅವಳನ್ನು ಒಂದು ಕಾಲಕ್ಕೆ ಘೋಣಸಗಿಗೆ ಮದುವೆ ಮಾಡಿ ಕೊಟ್ಟಿದ್ದರು, ಆ ಮನೆ ಬಿಟ್ಟು ಅವಳು ಒಬ್ಬಳೇ ನಡೆದು ತವರಿಗೆ ಬಂದಿದ್ದಳು. ಅದರ ಬಗ್ಗೆ ಅವಳು ಆಡಿದ ಮಾತು ನಾನು ಕೇಳಿದ್ದು ಅವತ್ತಿನದೊಂದೇ.

“ನನ್ನನ್ನ ಕೊಡೂ ಮುಂದ,” ಅಂದಳು ತಮ್ಮನಿಗೆ, “ಯಾರೂ ಹೊರಗ ನಿಂತು ಕೇಳಲಿಲ್ಲ ನೋಡು.”