ನಾಲ್ಕನೆಯ ಖಟಕಾ

ಕಳೆದ ಸೋಮವಾರ ಬೆಳಿಗ್ಗೆ, ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ರಸ್ತೆಯ ಪಕ್ಕದ ಖಾನಾವಳಿಯೊಂದರ ಮುಂಗೋಡೆಯಿಂದ ಎದೆಯೆತ್ತರದ ತಗಡಿನ ಪ್ಯಾನೆಲ್ ಒಂದನ್ನು ಕತ್ತರಿಸಿ ತೆಗೆಯಲಾಯಿತು. ಖಾನಾವಳಿ ನಡೆಸುತ್ತಿದ್ದ, ಚಾಲಕರೆಲ್ಲ ಅಕ್ಕ ಎನ್ನುತ್ತಿದ್ದ ಹೆಂಗಸು ಅದಕ್ಕೆ ಎರಡು ವಾರ ಮೊದಲು ತೀರಿಕೊಂಡಿದ್ದಳು. ಕತ್ತರಿಸುವಾಗ ನಾನು ಅಲ್ಲಿದ್ದೆ. ಗ್ಯಾಸ್ ಕಟರ್‌ನ ಉರಿಗೆ ಹಳೆಯ ಹಸಿರು ಬಣ್ಣ ಗುಳ್ಳೆಯೆದ್ದು ಸುಟ್ಟಿತು. ಆ ವಾಸನೆಯನ್ನು ನಾನು ಹಿಂದೆ ಒಮ್ಮೆ ಮೂಸಿದ್ದೆ, ಅದೇ ಪ್ಯಾನೆಲ್ಲಿನ ಪಕ್ಕದಲ್ಲಿ, ಒಂದು ಕೃಷಿ ಹೊಂಡದ ದಂಡೆಯ ಮೇಲೆ.

ಆಗ ನಾನು ವಿಜಯಪುರದ ಪತ್ರಿಕೆಯೊಂದಕ್ಕೆ ಈ ಕಡೆಯ ಸುದ್ದಿ ಬರೆಯುತ್ತಿದ್ದೆ. ತಿಕೋಟಾ ಸೀಮೆಯ ದ್ರಾಕ್ಷಿ ತೋಟವೊಂದರಲ್ಲಿ ಗಾಡಿ ಹೊಂಡಕ್ಕೆ ಬಿದ್ದಿದೆ ಎಂದು ಫೋನ್ ಬಂತು. ನಾನು ತಲುಪುವ ಹೊತ್ತಿಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿಯನ್ನು ಮೇಲಕ್ಕೆ ಎಳೆದಿದ್ದರು. ಚಾಲಕ ಒಳಗೇ ಇದ್ದ, ಉಸಿರಿಲ್ಲದೆ. ಅವನು ಅಕ್ಕನ ಗಂಡ. ಅಕ್ಕ ಆಗಿನ್ನೂ ಯಾರಿಗೂ ಅಕ್ಕನಾಗಿರಲಿಲ್ಲ. ದಂಡೆಯ ಮೇಲೆ, ಎಲ್ಲರಿಗಿಂತ ಮುಂದೆ, ಒದ್ದೆ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತ ಒಬ್ಬ ಹೆಂಗಸು, ಅಷ್ಟೆ. ಅಳುತ್ತಿರಲಿಲ್ಲ.

ಆ ಗಾಡಿ ಎಂಥದ್ದು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ದ್ರಾಕ್ಷಿ ಸಾಲುಗಳ ನಡುವೆ ಹಾಯುವಷ್ಟು ಅಗಲದ, ಬೆನ್ನ ಮೇಲೆ ಔಷಧದ ಟ್ಯಾಂಕ್ ಹೊತ್ತ ನಾಲ್ಕು ಗಾಲಿಯ ಸಣ್ಣ ವಾಹನ. ಔಷಧ ಹೊಡೆಯುವಾಗ ಚಾಲಕನ ಮುಖಕ್ಕೆ ಸಿಡಿಯಬಾರದೆಂದು ಸುತ್ತಲೂ ತಗಡು, ಗಾಜು ಹಾಕಿ ಕ್ಯಾಬಿನ್ ಮಾಡಿರುತ್ತಾರೆ. ನಮ್ಮ ಬಿಸಿಲಿಗೆ ಅದರೊಳಗೆ ಕೂತರೆ ಮನುಷ್ಯ ಬೆಂದುಹೋಗುತ್ತಾನೆ. ಆದ್ದರಿಂದ ಔಷಧದ ಕೆಲಸ ಮುಗಿದ ಕೂಡಲೇ ಬದಿಯ ಪ್ಯಾನೆಲ್ ಬಿಚ್ಚಿ ಇಡುತ್ತಾರೆ. ಪಾನಾ ಬೇಡ, ಸ್ಕ್ರೂಡ್ರೈವರ್ ಬೇಡ. ಮೂಲೆಗೊಂದರಂತೆ ಸ್ಪ್ರಿಂಗಿನ ಹಿಡಿಗಳಿರುತ್ತವೆ. ಒಳಗಿನಿಂದಲೂ ಹೊರಗಿನಿಂದಲೂ ಅರ್ಧ ಸುತ್ತು ತಿರುವಿದರೆ ‘ಖಟ್’ ಎಂದು ಬಿಡುತ್ತದೆ. ಚಾಲಕರು ಅದನ್ನು ಖಟಕಾ ಎನ್ನುತ್ತಾರೆ. ನಾಲ್ಕು ಖಟಕಾ ಬಿಟ್ಟರೆ ಇಡೀ ಪ್ಯಾನೆಲ್ ಕೈಗೆ ಬರುತ್ತದೆ.

ಸುಲಭವಾಗಿ ಬಿಚ್ಚುವುದು ಸುಲಭವಾಗಿ ಕಳವೂ ಆಗುತ್ತದೆ. ಒಣದ್ರಾಕ್ಷಿ ಶೆಡ್ಡುಗಳ ಮುಂದೆ ನಿಂತ ಗಾಡಿಗಳ ಪ್ಯಾನೆಲ್ಲುಗಳು ಆಗ ಕಾಣೆಯಾಗುತ್ತಿದ್ದವು. ಕೆಲವು ಮಾಲೀಕರು ಖಟಕಾಕ್ಕೆ ತಂತಿ ಸುತ್ತಿದರು. ಕೆಲವರು ಚಿಕ್ಕ ಬೀಗ ಹಾಕಿದರು. ಕದಿಯುವವನು ಹೊರಗಿರುತ್ತಾನೆ, ಕೂರುವವನು ಒಳಗಿರುತ್ತಾನೆ ಎಂಬುದು ಅವರ ಲೆಕ್ಕಕ್ಕೆ ಬರಲಿಲ್ಲ.

ಆ ದಿನ ಗಾಡಿ ಟ್ಯಾಂಕಿಗೆ ನೀರು ತುಂಬಿಕೊಳ್ಳಲು ಹೊಂಡದ ದಂಡೆಗೆ ಬಂದಿತ್ತು. ಮಣ್ಣು ಕುಸಿದು, ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಜಾರಿ, ಬಾಗಿಲಿದ್ದ ಮಗ್ಗುಲಿಗೇ ಮಗುಚಿ ನೀರಿಗಿಳಿಯಿತು. ಬಾಗಿಲು ಕೆಳಗಾಯಿತು, ಮುಂದಿನ ಗಾಜು ಕುಸಿದ ಮಣ್ಣಿಗೆ ಒತ್ತಿಕೊಂಡಿತು. ಹೊರಬರಲು ಉಳಿದದ್ದು ಮೇಲಿನ ಬದಿಯ ಪ್ಯಾನೆಲ್ ಒಂದೇ.

ತೋಟದ ಸಾವ್ಕಾರ ನನ್ನನ್ನು ಬದಿಗೆ ಕರೆದು ಹೇಳಿದ: “ಬರಕೋರಿ. ನಾಕ ಖಟಕಾ ಅದಾವು. ಸಣ್ಣ ಹುಡುಗರೂ ತಗೀತಾವ. ಮುಂಜಾನಿನ ಕುಡದ ಕುಂತಿದ್ರ ಯಾರ ಏನ ಮಾಡಾಕ ಬರ್ತೈತ್ರಿ?”

ಅವನ ದನಿ ದೊಡ್ಡದು. ದಂಡೆಯ ಮೇಲಿದ್ದವರಿಗೆಲ್ಲ ಕೇಳಿಸಿತು. ಆ ಹೆಂಗಸಿಗೂ.

ಆಕೆ ಎದ್ದಳು. ಪ್ಯಾನೆಲ್ ಇನ್ನೂ ಗಾಡಿಗೆ ಅಂಟಿಕೊಂಡೇ ಇತ್ತು. ಮೂಲೆಯಿಂದ ಮೂಲೆಗೆ ಕೈಯಾಡಿಸಿದಳು. ಮೊದಲನೆಯ ಖಟಕಾ ಬಿಟ್ಟಿತ್ತು. ಎರಡನೆಯದೂ ಮೂರನೆಯದೂ ಬಿಟ್ಟಿದ್ದವು. ನೀರಿಗಿಳಿದವರು ಯಾರೂ ಅವನ್ನು ಮುಟ್ಟಿರಲಿಲ್ಲ. ಒಬ್ಬೊಬ್ಬರನ್ನೇ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಅವು ಒಳಗಿನಿಂದ ಬಿಟ್ಟಿದ್ದವು. ನಾಲ್ಕನೆಯದರ ಮೇಲಿನ ಕೆಸರನ್ನು ಆಕೆ ಸೆರಗಿನಿಂದ ಒರೆಸಿದಳು. ಹಸಿರು ಬಣ್ಣದ ಕೆಳಗೆ ಏನೋ ಉಬ್ಬಿತ್ತು, ಕಡಲೆಕಾಳಿನಷ್ಟು. ಆಕೆಯ ಬೆರಳು ಅಲ್ಲಿ ನಿಂತಿತು.

ಅದು ವೆಲ್ಡಿಂಗ್ ಟಾಕಾ, ಹಿಡಿ ತಿರುಗದಂತೆ ತಗಡಿಗೆ ಹಾಕಿದ ಬೆಸುಗೆಯ ಹೊಲಿಗೆ.

ಬಾಗಿಲು ಜಜ್ಜಿಹೋಗಿ ತೆರೆಯುತ್ತಿರಲಿಲ್ಲ; ಕೊನೆಗೆ ಶೆಡ್ಡಿನಿಂದ ಗ್ಯಾಸ್ ಕಟರ್ ತಂದು, ಕ್ಯಾಬಿನ್ನಿನ ಕಂಬಗಳನ್ನೇ ಕತ್ತರಿಸಿ ಅವನನ್ನು ಹೊರತೆಗೆದರು. ಸುಟ್ಟ ಬಣ್ಣದ ವಾಸನೆ ಆಗಿನದು.

ಅವನು ಕುಡಿದಿರಲಿಲ್ಲ ಎಂದು ಶವಪರೀಕ್ಷೆಯಲ್ಲಿ ತಿಳಿಯಿತು. ಅದನ್ನು ನಾನು ಬರೆದೆ, ಪತ್ರಿಕೆಯಲ್ಲಿ ಬಂತು. ಆದರೆ ಸಾವ್ಕಾರನ ಮಾತು ಪತ್ರಿಕೆಗಿಂತ ಮೊದಲು ಊರು ಸುತ್ತಿಯಾಗಿತ್ತು. ತಿಕೋಟಾದ ಸಂತೆಯಲ್ಲಿ, ಚಹಾದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಸಣ್ಣ ಹುಡುಗರೂ ತೆಗೆಯುವುದನ್ನು ತೆಗೆಯಲಾಗದೆ ಸತ್ತ ಕುಡುಕ ಎಂದೇ ಅವನು ಉಳಿದ. ಟಾಕಾ ಯಾರು ಹಚ್ಚಿದರು, ಯಾರು ಹಚ್ಚಿಸಿದರು ಎಂದು ಹೇಳಲು ಒಬ್ಬರೂ ಮುಂದೆ ಬರಲಿಲ್ಲ. ಪ್ರಕರಣ ಆಕಸ್ಮಿಕವೆಂದು ಮುಗಿಯಿತು.

ಹಚ್ಚಿದವನನ್ನು ನಾನು ಹುಡುಕಿದೆ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವನ ವೆಲ್ಡಿಂಗ್ ಅಂಗಡಿ. ತಲೆಯೆತ್ತದೆ ಹೇಳಿದ: “ಗಾಡಿ ಬೀಳೂ ಹಿಂದಿನ ದಿನ ಸಂಜೀಕ ಸಾವ್ಕಾರ್ರು ಹೇಳಿದ್ರು, ನಾ ಹಚ್ಚಿದೆ. ಮೂರು ಬಿಟ್ಟು ಒಂದಕ್ಕ ಟಾಕಾ ಹಾಕಲೇ, ಯಾವ ಮಗ ಒಯ್ತಾನ ನೋಡೂಣು ಅಂದ್ರು. ಮ್ಯಾಲೆ ಬಣ್ಣಾನೂ ಹಚ್ಚಸಿದ್ರು.” ಸ್ಟೇಷನ್ನಿಗೆ ಬಂದು ಇದನ್ನೇ ಹೇಳುತ್ತೀಯಾ ಎಂದು ಕೇಳಿದೆ. “ಹೆಸರು ಹಾಕಬ್ಯಾಡ್ರಿ ಯಪ್ಪಾ. ನಾ ಹೇಳೇ ಇಲ್ಲಂತ ಹೇಳ್ತೇನಿ ಮತ್ತ” ಎಂದ. ಹೆಸರಿಲ್ಲದೆ ಸಂಪಾದಕರು ಅಚ್ಚು ಹಾಕಲಿಲ್ಲ. ಆ ಹೆಂಗಸಿಗೆ ಮಾತ್ರ ಹೇಳಿದೆ.

ಮುಂದಿನ ದ್ರಾಕ್ಷಿ ಕಟಾವಿನ ಹೊತ್ತಿಗೆ ಆಕೆ ಖಾನಾವಳಿ ತೆರೆದಳು. ಸಾವ್ಕಾರನ ಒಣದ್ರಾಕ್ಷಿ ಶೆಡ್ಡಿನ ಗೇಟಿಗೆ ಸರಿಯಾಗಿ ಎದುರು, ರಸ್ತೆಯ ಈಚೆ ಮಗ್ಗುಲು, ತವರಿನವರ ಜಾಗದಲ್ಲಿ. ಗಾಡಿ ಗುಜರಿಗೆ ಹೋಗಿತ್ತು. ಗುಜರಿಯವನಿಂದ ಆಕೆ ಆ ಒಂದು ಪ್ಯಾನೆಲ್ ತಂದಿದ್ದಳು, ಅದಕ್ಕೆ ಅಂಟಿಕೊಂಡಿದ್ದ ಕ್ಯಾಬಿನ್ನಿನ ಕತ್ತರಿಸಿದ ಕಂಬಗಳ ಸಮೇತ. ಅದನ್ನು ಮುಂಗೋಡೆಯ ಕಬ್ಬಿಣದ ಚೌಕಟ್ಟಿಗೆ ಬೆಸೆದು ನಿಲ್ಲಿಸಲು ಕರೆಸಿದ್ದು ಯಾರನ್ನು? ಅದೇ ವೆಲ್ಡರ್‌ನನ್ನು. ಅವನು ಯಾಕೆ ಬಂದನೋ ನನಗೆ ಗೊತ್ತಿಲ್ಲ. ಬಂದ. ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ.

“ಲೇ ತಮ್ಮಾ, ನೀ ಹಚ್ಚಿದ ಟಾಕಾ ಗಟ್ಟಿ ಐತೋ ಇಲ್ಲೋ?”

ಅವನು ವೆಲ್ಡಿಂಗ್ ವೈರಿನ ಸುರುಳಿ ಬಿಡಿಸತೊಡಗಿದ.

“ಕೇಳಾಕತ್ತೇನಿ.”

“ಗಟ್ಟಿ ಐತಿ, ಅಕ್ಕಾ.”

“ಹಂಗಿದ್ರ ಅದು ಹಂಗ ಇರಲಿ. ಮುಟ್ಟಬ್ಯಾಡ. ಕಂಬ ಅಷ್ಟ ಗ್ವಾಡಿಗೆ ಹಚ್ಚು. ನೀನ ಹಚ್ಚಬೇಕು.”

ಅವನು ಹಚ್ಚಿದ. ಬೆಸುಗೆಯ ಗೆರೆ ಸೊಟ್ಟಗೆ ಬಂತು. ಊಟಕ್ಕೆ ಕೂತುಕೋ ಎಂದು ಆಕೆ ಹೇಳಲಿಲ್ಲ. ಆ ಖಾನಾವಳಿಯಿಂದ ಹಸಿದು ಹೋದವನು ನಾನು ಕಂಡಂತೆ ಅವನೊಬ್ಬನೇ.

ಅವಳ ಊಟ ಚೆನ್ನಾಗಿತ್ತು. ಬಿಳಿಜೋಳದ ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬಬಲೇಶ್ವರ, ಜೈನಾಪುರ ಕಡೆಯ ಚಾಲಕರೂ ಬಂದು ಉಣ್ಣುತ್ತಿದ್ದರು. ಅವರೇ ಅವಳನ್ನು ಅಕ್ಕ ಎಂದರು, ನಾನೂ ಅಂದೆ. ಹೊಸಬ ಯಾರಾದರೂ ಬಂದು “ಎದುರಿನ ಶೆಡ್ಡಿನ್ಯಾಗ ಕೆಲಸ ಐತೇನ ಅಕ್ಕಾ?” ಎಂದು ಕೇಳಿದರೆ, ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿರಲಿಲ್ಲ.

“ಐತಲ್ಲ. ಹೋಗೂಕಿಂತ ಮೊದಲ ಆ ಗ್ವಾಡಿಗಿನ ತಗಡು ತಗದು ಬಾ. ಖಟಕಾ ತಿರಿವಿದ್ರ ಬರ್ತೈತಿ.”

ಹೋಗುತ್ತಿದ್ದರು. ಖಟ್. ಖಟ್. ಖಟ್. ಆಮೇಲೆ ಸದ್ದಿಲ್ಲ. ಹಿಡಿಯನ್ನು ತಿರುವಿ, ಗುದ್ದಿ, ಕೊನೆಗೆ ಬಗ್ಗಿ ನೋಡುತ್ತಿದ್ದರು. ಬೆರಳಿಗೆ ಟಾಕಾ ತಗಲುತ್ತಿತ್ತು. ತಿರುಗಿ ಬಂದವನ ಮುಖ ನೋಡಿ ಆಕೆ ಒಂದೇ ಮಾತು ಹೇಳುತ್ತಿದ್ದಳು: “ನೀ ಹೊರಗ ನಿಂತಿದ್ದಿ. ನನ್ನ ಗಂಡ ನೀರಿನ್ಯಾಗ ಇದ್ದ.” ಮತ್ತೆ ತಟ್ಟೆ ಇಡುತ್ತಿದ್ದಳು. ಬಿಟ್ಟ ಮೂರು ಖಟಕಾಗಳನ್ನು ಎದ್ದು ಹೋಗಿ ತಾನೇ ಮುಚ್ಚುತ್ತಿದ್ದಳು, ಮುಂದಿನವನಿಗೆ.

ಉಂಡವರು ರಸ್ತೆ ದಾಟಿ ಆ ಗೇಟಿಗೆ ಹೋಗುತ್ತಿರಲಿಲ್ಲ. ಸಾವ್ಕಾರ ದೂರದಿಂದ ಚಾಲಕರನ್ನು ಕರೆಸಿದ. ಅವರಿಗೂ ಹಸಿವಾಗುತ್ತಿತ್ತು, ಹತ್ತಿರದ ಖಾನಾವಳಿ ಅದೊಂದೇ. ಕುಡುಕ ಎಂಬ ಮಾತು ಮೆಲ್ಲಗೆ ಸತ್ತಿತು. ಮೂರು ಖಟಕಾ ತೆಗೆದವನು ಎಂದು ಜನ ಅವಳ ಗಂಡನನ್ನು ಗುರುತಿಸತೊಡಗಿದರು. ಯಾವ ಗಾಡಿಯನ್ನಾದರೂ ಹತ್ತುವ ಮೊದಲು ನಾಲ್ಕೂ ಖಟಕಾ ಬಿಟ್ಟು ನೋಡುವ ರೂಢಿ ಆ ಭಾಗದ ಚಾಲಕರಲ್ಲಿ ಬಂದದ್ದು ಆಗಲೇ. ತೆಗೆಯಲು ಬಿಡದ ಮಾಲೀಕನಿಗೆ ಚಾಲಕ ಸಿಗುತ್ತಿರಲಿಲ್ಲ.

ಒಂದು ವರ್ಷ ಹೂವಿನ ಹೊತ್ತಿಗೆ ಮೋಡ ಮುಸುಕಿತು. ದ್ರಾಕ್ಷಿಗೆ ಅಂಥ ಹವೆಯಲ್ಲಿ ಬೂಜು ಬರುತ್ತದೆ, ಔಷಧ ತಡವಾದರೆ ಗೊನೆ ಉಳಿಯುವುದಿಲ್ಲ. ಎಲ್ಲರ ಗಾಡಿಗಳೂ ಓಡುತ್ತಿದ್ದವು. ಸಾವ್ಕಾರನ ಹೊಸ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಆ ಮಧ್ಯಾಹ್ನ ಅವನು ರಸ್ತೆ ದಾಟಿ ಬಂದ. ನಾನು ಊಟ ಮಾಡುತ್ತಿದ್ದೆ. ಬೆಂಚುಗಳ ತುಂಬ ಚಾಲಕರು.

“ತಂಗೀ,” ಎಂದ. ಹಿಂದೆಂದೂ ಹಾಗೆ ಕರೆದಿರಲಿಲ್ಲ. “ಆಗಿದ್ದು ಆಗಿ ಹೋತು. ಎಷ್ಟ ದಿನಾ ಹಿಂಗ ನೇತ ಹಾಕ್ತಿ? ಅದನ್ನ ತಗದ ಬಿಡು. ಚಲೋ ಗ್ವಾಡಿ ನಾನ ಕಟ್ಟಸಿ ಕೊಡ್ತೇನಿ.”

ಆಕೆ ಹಿಟ್ಟಿನ ಕೈ ಝಾಡಿಸಿ ಎದ್ದಳು.

“ನಾ ಎಲ್ಲೆ ಬ್ಯಾಡ ಅಂದೇನ್ರಿ, ಸಾವ್ಕಾರ್ರ? ತಗೀರಿ. ಈಗ ತಗೀರಿ. ಸಣ್ಣ ಹುಡುಗರೂ ತಗೀತಾವ ಅಂದಿದ್ರಿ.”

ಅವನು ಸುತ್ತ ನೋಡಿದ. ಯಾರೂ ರೊಟ್ಟಿ ಮುರಿಯುತ್ತಿರಲಿಲ್ಲ. ತಿರುಗಿ ಹೋಗಬಹುದಿತ್ತು. ಅಷ್ಟು ಕಣ್ಣುಗಳ ಮುಂದೆ ತಿರುಗಿ ಹೋಗುವ ಜಾತಿಯ ಮನುಷ್ಯ ಅವನಲ್ಲ. ಪ್ಯಾನೆಲ್ಲಿಗೆ ಕೈ ಹಾಕಿದ. ಖಟ್. ಖಟ್. ಖಟ್. ನಾಲ್ಕನೆಯದನ್ನು ಹಿಡಿದ. ಅದು ಬಿಡುವುದಿಲ್ಲ ಎಂದು ಆ ಜಾಗದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನೇ. ಆದರೂ ತಿರುವಿದ. ಎರಡೂ ಕೈ ಹಾಕಿದ. ಕುತ್ತಿಗೆಯ ನರ ಉಬ್ಬಿದವು, ಅಂಗಿಯ ಬೆನ್ನು ಒದ್ದೆಯಾಯಿತು. ಹಿಡಿಯ ಅಂಚು ತಗಲಿ ಬೆರಳು ಸೀಳಿತು. ಆಕೆ ಸೊಂಟಕ್ಕೆ ಕೈಯಿಟ್ಟು ನಿಂತು, ಅವನು ಸೋತು ಕೈಬಿಡುವ ತನಕ ಕಾದಳು.

“ಯಾಕ್ರಿ ಸಾವ್ಕಾರ್ರ,” ಎಂದಳು, “ಕುಡದ ಬಂದೀರೇನು?”

ಮೊದಲು ನಕ್ಕವನು ನಾನು. ವರದಿಗಾರ ನಗಬಾರದು. ನಕ್ಕೆ, ಆಮೇಲೆ ಇಡೀ ಖಾನಾವಳಿ ನಕ್ಕಿತು. ಅವನು ರಸ್ತೆ ದಾಟುವ ತನಕ, ಗೇಟಿನೊಳಗೆ ಹೋಗುವ ತನಕ ನಗು ನಿಲ್ಲಲಿಲ್ಲ. ಆಕೆ ಮಾತ್ರ ನಗಲಿಲ್ಲ. ಪ್ಯಾನೆಲ್ಲಿಗೆ ಹತ್ತಿದ ರಕ್ತವನ್ನು ಒರೆಸಿ, ಮೂರು ಖಟಕಾ ಮುಚ್ಚಿ, ಒಲೆಯ ಮುಂದೆ ಕೂತಳು. “ಉಣ್ರೆಪಾ, ರೊಟ್ಟಿ ಆರಾಕತ್ತಾವು” ಎಂದಳು.

ಆ ವರ್ಷ ಅವನ ತೋಟದಲ್ಲಿ ಬೆಳೆ ನಿಲ್ಲಲಿಲ್ಲ. ಮರುವರ್ಷ ಶೆಡ್ಡು ಬೇರೆಯವರ ಪಾಲಾಯಿತು. ಅವನು ವಿಜಯಪುರದಲ್ಲಿ, ಗೋಳಗುಮ್ಮಟದ ಆಚೆ ಮನೆ ಮಾಡಿದ.

ಇನ್ನಾದರೂ ಅದನ್ನು ತೆಗೆಯಬಹುದಲ್ಲ, ಅವನೇ ಇಲ್ಲವಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. ಯಾವ ವರ್ಷವೋ… ಹುಣಸೆ ಬಿಡಿಸುತ್ತಾ ಕೂತಿದ್ದಳು, ಅದಷ್ಟು ನೆನಪಿದೆ. ತಲೆಯೆತ್ತಿ ನನ್ನನ್ನು ನೋಡಿದಳು.

“ಸತ್ತಾನೇನ್ರಿ ಅವ?”

“ಇಲ್ಲ.”

“ಮತ್ತ?”

ಆಮೇಲೆ ನಾನು ಕೇಳಲಿಲ್ಲ. ಆಕೆ ಮಾಡುತ್ತಿದ್ದುದು ತಪ್ಪೆಂದು ನನಗೆ ಅನಿಸಲೂ ಇಲ್ಲ. ನ್ಯಾಯಾಲಯ ಕೊಡದಿದ್ದುದನ್ನು, ನನ್ನ ಪತ್ರಿಕೆ ಅಚ್ಚು ಹಾಕದಿದ್ದುದನ್ನು ಆಕೆ ಒಂದು ತಗಡಿನ ಮೇಲೆ ದಿನಾಲೂ ಓದಿಸಿದಳು, ಓದು ಬಾರದವರಿಗೂ.

ಕೊನೆಗೆ ಕಾಯಿಲೆ ಬಿದ್ದಾಗ ನೋಡಲು ಹೋಗಿದ್ದೆ. ಕೈ ಹಗುರಾಗಿತ್ತು, ಬೆರಳ ತುದಿಯಲ್ಲಿ ಮಾತ್ರ ರೊಟ್ಟಿಯ ಬಿಸಿಗೆ ಗಟ್ಟಿಯಾದ ಚರ್ಮ ಹಾಗೇ ಇತ್ತು. ಆ ಬೆರಳಿನಿಂದ ನನ್ನ ಕೈ ತಟ್ಟಿದಳು. ಉಂಡಿರಾ ಎಂದು ಕೇಳುತ್ತಿದ್ದಳೇನೋ. ಈಗ ಆ ರಸ್ತೆಯಲ್ಲಿ ಹೋಗುವಾಗ ಮಧ್ಯಾಹ್ನವಾದರೆ ನನಗೆ ಗಾಡಿ ನಿಲ್ಲಿಸಲು ಜಾಗವಿಲ್ಲ.

ತೀರಿಕೊಂಡ ಮರುವಾರವೇ ವಿಜಯಪುರದಿಂದ ಒಬ್ಬ ಮನುಷ್ಯ ಬಂದು, ಆ ಹಳೆಯ ಪ್ಯಾನೆಲ್ ಕೊಡುತ್ತೀರಾ ಎಂದು ಆಕೆಯ ತವರಿನವರನ್ನು ವಿಚಾರಿಸಿದ. ಯಾರಿಗಾಗಿ ಎಂದು ಕೇಳಿದ್ದಕ್ಕೆ ಹೇಳಲಿಲ್ಲ. ಸಾವ್ಕಾರನೇ ಕಳಿಸಿರಬೇಕೆಂದು ತವರಿನವರು ಚಾಲಕರಿಗೆ ತಿಳಿಸಿದರು. ಸೋಮವಾರ ಚಾಲಕರು ಬಂದು ಅದನ್ನು ಕತ್ತರಿಸಿ ಒಯ್ದರು. ಕಟರ್ ಹಿಡಿದವನು ಅದೇ ವೆಲ್ಡರ್. ತಲೆ ನರೆತಿದೆ. ಟಾಕಾ ಇರುವ ಮೂಲೆಗೆ ಉರಿ ತಗಲದಂತೆ ಒದ್ದೆ ಗೋಣಿಚೀಲ ಮುಚ್ಚಿದ್ದ.

ಪ್ಯಾನೆಲ್ ಈಗ ಬಬಲೇಶ್ವರದಲ್ಲಿ, ತೋಟದ ಗಾಡಿಗಳಿಗೆ ಕ್ಯಾಬಿನ್ ಕಟ್ಟುವ ಗ್ಯಾರೇಜೊಂದರ ಮುಂಗೋಡೆಯಲ್ಲಿದೆ, ರಸ್ತೆಗೆ ಮುಖಮಾಡಿ. ಮೂರು ಖಟಕಾಗಳಿಗೆ ಎಣ್ಣೆ ಹಾಕಿದ್ದಾರೆ. ಸಾವ್ಕಾರ ಬದುಕಿದ್ದಾನೆ. ಅವನ ಹೊಸ ತೋಟ ಜೈನಾಪುರದಲ್ಲಿದೆ. ವಿಜಯಪುರದಿಂದ ಅಲ್ಲಿಗೆ ಅವನು ಹೋಗುವ ದಾರಿ ಆ ಗ್ಯಾರೇಜಿನ ಮುಂದೆ ಹಾಯುತ್ತದೆ.