ಬೀದರಿಗೆ ವರ್ಗವಾದ ನಿಮ್ಮ ತಾತ

ಸಿಂಚನಾ, ತೇಜಸ್,

ಹೋದ ಭಾನುವಾರ ನಿಮ್ಮಪ್ಪ ಹೊಸ ಸೈಕಲ್ ತಂದರಲ್ಲ, ಅವತ್ತಿನಿಂದ ನನಗೊಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಮನೆಯಿಂದ ಬಸ್ ನಿಲ್ದಾಣದವರೆಗೆ ಸೈಕಲ್ಲು, ಅಲ್ಲಿಂದ ಆಫೀಸಿಗೆ ಬಸ್ಸು ಎಂದು ಅವರು ಹೇಳಿದಾಗ ಜೀವನ್ ಬಿಮಾ ನಗರದ ನಿಮ್ಮ ಬೀದಿಯ ಅರ್ಧ ಜನ ಬಂದು ಸೈಕಲ್ಲನ್ನು ಮುಟ್ಟಿ ನೋಡಿ ಹೋದರು. ತೇಜಸ್, ನೀನಂತೂ ಎಲ್ಲರಿಗೂ, "ನಮ್ಮ ಫ್ಯಾಮಿಲೀಲಿ ಹಿಂಗೆ ಹೋಗ್ತಿರೋದು ಅಪ್ಪಾನೇ ಫಸ್ಟು" ಎಂದು ಸಾರುತ್ತಿದ್ದೆ. ನಾನು ಒಳಗೆ ಅವರೆಕಾಯಿ ಬಿಡಿಸುತ್ತಾ ಸುಮ್ಮನೆ ಕೂತಿದ್ದೆ. ಅಳಿಯನ ಎದುರು ಬಾಯಿ ತೆರೆಯುವ ಅಭ್ಯಾಸ ಹನ್ನೆರಡು ವರ್ಷವಾದರೂ ನನಗೆ ಬಂದಿಲ್ಲ. ನಾಲ್ಕು ಜನರ ಮುಂದೆ ನನ್ನ ನಾಲಿಗೆ ಅಂಟಿಕೊಳ್ಳುತ್ತದೆ. ಕಾಗದದ ಮುಂದೆ ಅಷ್ಟು ನಾಚಿಕೆಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಹಾಗೆ ಹೋದವರಲ್ಲಿ ಮೊದಲನೆಯವರು ನಿಮ್ಮ ತಾತ. ಎರಡನೆಯವಳು ನಾನು. ನಿಮ್ಮಪ್ಪ ಮೂರನೆಯವರು. ಇದನ್ನು ಅವರಿಗೆ ಹೇಳಬೇಡಿ, ಪಾಪ, ಹೆಲ್ಮೆಟ್ಟಿನ ಉತ್ಸಾಹ ಕುಗ್ಗಬಾರದು.

ನಮ್ಮೂರಿನಿಂದ ಕೃಷ್ಣರಾಜಪುರದ ಸ್ಟೇಷನ್ನಿಗೆ ಮೂರು ಮೈಲಿ. ನಿಮ್ಮ ತಾತ ಹದಿನೈದು ವರ್ಷ ಸೈಕಲ್ಲಿನಲ್ಲಿ ಅಲ್ಲಿಗೆ ಹೋಗಿ, ಸೈಕಲ್ಲನ್ನು ಸ್ಟ್ಯಾಂಡಿನಲ್ಲಿ ಬಿಟ್ಟು, ಬಂಗಾರಪೇಟೆ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿ ಹಿಡಿದು, ಕಂಟೋನ್ಮೆಂಟಿನಲ್ಲಿ ಇಳಿದು, ಶಿವಾಜಿನಗರದ ಕಡೆಗೆ ಹತ್ತು ನಿಮಿಷ ನಡೆದು ಆಫೀಸು ಸೇರುತ್ತಿದ್ದರು. ಆಫೀಸಿನಲ್ಲಿ ಅವರ ಕೆಲಸ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಒಯ್ಯುವುದು. ನಮ್ಮೂರಿನಲ್ಲಿ ರೈಲಿಗೆ ಹೋಗುತ್ತಿದ್ದವರು ಅವರೊಬ್ಬರೇ. ಮಿಕ್ಕವರೆಲ್ಲ ಬಸ್ಸಿನವರು.

ಒಂದು ದಿನ ಬೆಳಿಗ್ಗೆ ಹಾಗೆ ಹೋದವರು ಮಧ್ಯಾಹ್ನ ಆಫೀಸಿನಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಸಂಜೆ ವ್ಯಾನಿನಲ್ಲಿ ಅವರನ್ನು ಮನೆಗೆ ತಂದರು. ಸೈಕಲ್ಲು ಸ್ಟ್ಯಾಂಡಿನಲ್ಲೇ ಉಳಿಯಿತು. ಹನ್ನೊಂದನೆಯ ದಿನ ಎಡೆ ಇಡುವಾಗ ಅವರ ಅಂಗಿ, ಕನ್ನಡಕ, ಎಲೆ ಅಡಿಕೆಯ ಚೀಲ ಎಲ್ಲ ಜೋಡಿಸಿದೆವು. ನಮ್ಮ ಮಾವ ಎಲ್ಲವನ್ನೂ ಒಮ್ಮೆ ನೋಡಿ, "ಸೈಕಲ್ಲೊಂದು ಅಲ್ಲೇ ನಿಂತೈತೆ" ಎಂದರು. ಯಾರೂ ತರಲು ಹೋಗಲಿಲ್ಲ. ಮರೆತಿದ್ದೆವು ಎಂದಲ್ಲ. ಸೈಕಲ್ಲು ಸ್ಟ್ಯಾಂಡಿನಲ್ಲಿದೆ ಎಂದರೆ ಅದರ ಯಜಮಾನ ಸಂಜೆಯ ಗಾಡಿಗೆ ಬರುವವನಿದ್ದಾನೆ ಎಂದೇ ಅರ್ಥವಲ್ಲವೆ? ಅದನ್ನು ಮನೆಗೆ ತರುವ ಧೈರ್ಯ ನಮ್ಮ ಯಾರಿಗೂ ಇರಲಿಲ್ಲ.

ಮೂರು ತಿಂಗಳಿಗೆ ಅವರ ಕೆಲಸವನ್ನು ನನಗೆ ಕೊಟ್ಟರು. ನಿಮ್ಮಮ್ಮ ಆಗ ಹತ್ತನೇ ಕ್ಲಾಸು. ನಾನು ಬಸ್ಸಿನಲ್ಲಿ ಹೊರಟೆ. ಹಳೇ ಮದ್ರಾಸ್ ರಸ್ತೆಯಲ್ಲಿ ಈಗ ನೀವು ನೋಡುವ ತೂಗುಸೇತುವೆ ಆಗ ಇರಲಿಲ್ಲ, ರೈಲ್ವೆ ಗೇಟು ಇತ್ತು. ಗೇಟು ಬಿತ್ತೆಂದರೆ ಲಾರಿ, ಬಸ್ಸು, ಎತ್ತಿನ ಗಾಡಿ, ಎಲ್ಲವೂ ಒಂದೇ ಜಾತಿ. ನಾನು ದಿನಾ ಲೇಟು. ಆಫೀಸಿನ ಸೂಪರಿಂಟೆಂಡೆಂಟರು, "ನಿಮ್ಮ ಯಜಮಾನ್ರು ಹದಿನೈದು ವರ್ಷದಲ್ಲಿ ಒಂದಿನ ಲೇಟಾಗಿ ಬಂದೋರಲ್ಲ ಕಣಮ್ಮ" ಎಂದರು. ಬಯ್ಗುಳಕ್ಕಿಂತ ಅದು ಹೆಚ್ಚು ನೋಯಿಸಿತು. ಒಂದು ಬೆಳಿಗ್ಗೆ ಗೇಟಿನ ಮುಂದೆ ನಿಂತ ಬಸ್ಸಿನ ಕಿಟಕಿಯಿಂದ ರೈಲು ಹಾದುಹೋಗುವುದನ್ನು ನೋಡುತ್ತಿದ್ದೆ. ನಾವೆಲ್ಲ ಕಾಯುತ್ತಿರುವುದು ಆ ರೈಲಿಗಾಗಿ, ಅದರೊಳಗೆ ಕೂತವರು ಯಾರಿಗೂ ಕಾಯುತ್ತಿಲ್ಲ. ಏಳನೇ ಕ್ಲಾಸು ಪಾಸಾದ ನನಗೆ ಇದು ಹೊಳೆಯಲು ಒಂದು ತಿಂಗಳು ಹಿಡಿಯಿತು.

ಅವತ್ತು ಸಂಜೆ ಸ್ಟ್ಯಾಂಡಿಗೆ ಹೋದೆ. ಅವರ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದ, ಸ್ಟ್ಯಾಂಡಿನ ನಂಬರಿನ ತಗಡಿನ ಬಿಲ್ಲೆ ಕೈಯಲ್ಲಿತ್ತು. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದೆ. ಸೈಕಲ್ಲಿನ ಹ್ಯಾಂಡಲ್ಲಿಗೆ ಕೈ ಹಾಕಿದ್ದೇ ತಡ, ಹಿಂದಿನಿಂದ ಒಂದು ದನಿ: "ಯಾರಮ್ಮ ಅದು? ಅದು ನಮ್ಮ ಅಣ್ಣಂದು, ಬಿಡಿ." ಸ್ಟ್ಯಾಂಡಿನ ಏಳುಮಲೈ. ದಪ್ಪ ಮೀಸೆ, ಲುಂಗಿಯ ಮೇಲೆ ಖಾಕಿ ಅಂಗಿ.

"ನಾನು ಅವರ ಮನೆಯವಳು" ಎಂದು ಬಿಲ್ಲೆ ತೋರಿಸಿದೆ.

"ಅಯ್ಯೋ, ಅಕ್ಕಾನಾ? ಅಣ್ಣ ಎಲ್ಲಕ್ಕ? ಮೂರು ನಾಲ್ಕು ತಿಂಗಳಾಯ್ತು. ಟಯರು ಕೂತೋಗ್ತದೆ ಅಂತ ನಾನೇ ಗಾಳಿ ಹೊಡೀತಾ ಇದ್ದೀನಿ."

ನಾನು ಬಾಯಿ ತೆರೆದೆ. ಬರಬೇಕಾದ ಮಾತು ಬರಲಿಲ್ಲ. "ವರ್ಗ ಆಗಿದೆ" ಎಂದೆ.

"ಯಾವ ಊರಿಗಕ್ಕ?"

ಸ್ಕೂಲಿನ ಗೋಡೆಯ ಮೇಲಿದ್ದ ರಾಜ್ಯದ ಭೂಪಟ ಕಣ್ಣೆದುರು ಬಂತು. ಅದರ ನೆತ್ತಿಯ ಮೇಲೆ, ಮೇಷ್ಟ್ರ ಕೋಲಿಗೂ ಎಟುಕದಷ್ಟು ಎತ್ತರದಲ್ಲಿ ಒಂದು ಊರು. "ಬೀದರ್" ಎಂದೆ.

ಹಾಗೆ ನಿಮ್ಮ ತಾತನಿಗೆ ಬೀದರಿಗೆ ವರ್ಗವಾಯಿತು. ಯಾವ ಸರ್ಕಾರವೂ ಅಷ್ಟು ಬೇಗ ಆರ್ಡರು ಹೊರಡಿಸಿರಲಿಕ್ಕಿಲ್ಲ.

ನಾನು ಯಾಕೆ ಹಾಗೆ ಹೇಳಿದೆನೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ನಮ್ಮ ಕಡೆ ಒಂದು ಪದ್ಧತಿ ಇತ್ತು. ಸಾವಾದ ಮನೆಯವರು ಸಾವಿನ ಸುದ್ದಿಯನ್ನು ತಮ್ಮ ಬಾಯಿಂದ ಹೇಳುವಂತಿರಲಿಲ್ಲ. ಅದಕ್ಕೆಂದೇ ಊರ ತೋಟಿ ಇದ್ದ. ಅವನು ಮನೆಮನೆಯ ಬಾಗಿಲಿಗೆ, ಸುತ್ತಲ ಹಳ್ಳಿಯ ನೆಂಟರಿಗೆ ಹೋಗಿ ಹೇಳಿ ಬರುತ್ತಿದ್ದ. ಮನೆಯವರ ಕೆಲಸ ಅಳುವುದು ಮಾತ್ರ. ಈ ಪದ್ಧತಿ ಮಾಡಿದವರು ಬುದ್ಧಿವಂತರು. ಆ ಒಂದು ವಾಕ್ಯವನ್ನು ಹೇಳುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿತ್ತು. ಆಫೀಸಿನಲ್ಲಂತೂ ಎಲ್ಲರೂ ಕಣ್ಣಾರೆ ನೋಡಿದವರು, ಅಲ್ಲಿಯೂ ನಾನು ಹೇಳಬೇಕಾಗಿರಲಿಲ್ಲ. ಆದರೆ ತೋಟಿಯ ಸುತ್ತು ಸ್ಟೇಷನ್ನಿನವರೆಗೆ ಹೋಗುವುದಿಲ್ಲ. ಏಳುಮಲೈಗೆ ಹೇಳಬೇಕಾದ ಮಾತು ನನ್ನ ಪಾಲಿಗೇ ಉಳಿದಿತ್ತು.

ಸೈಕಲ್ಲನ್ನು ಮೂರು ಮೈಲಿ ತಳ್ಳಿಕೊಂಡು ಮನೆಗೆ ಬಂದೆ. ಕಲಿಸಿದವರು ನಿಮ್ಮ ಮುತ್ತಾತ, ನನ್ನ ಮಾವ. ನೀರಿಲ್ಲದ ಕೆರೆಯ ಅಂಗಳದಲ್ಲಿ ಕ್ಯಾರಿಯರು ಹಿಡಿದು ಹಿಂದೆ ಓಡುತ್ತಿದ್ದರು. ಮಾವ ಸೊಸೆಯ ಜೊತೆ ನೇರವಾಗಿ ಮಾತಾಡುವ ಕಾಲವಲ್ಲ. ಅವರು ಹೇಳುವುದನ್ನೆಲ್ಲ ಸೈಕಲ್ಲಿಗೆ ಹೇಳುತ್ತಿದ್ದರು. "ಏಯ್ ಸೈಕಲ್ಲೇ, ನೆಲ ಯಾಕ್ ನೋಡ್ತೀಯ, ಮುಂದ್ ನೋಡು. ಬೀಳ್ತೀನಿ ಅಂದ್ಕೊಂಡ್ರೆ ಬಿದ್ದೇ ಬೀಳ್ತೀಯ." ನಾನು ಬಿದ್ದಾಗಲೂ, "ಪೆಟ್ಟಾಯ್ತೇನೋ ಸೈಕಲ್ಲಿಗೆ" ಎಂದೇ ಕೇಳುತ್ತಿದ್ದರು. ಗದ್ದೆಯಲ್ಲಿ ನಾಟಿ ಹಾಕುವಾಗ ಕಟ್ಟುವ ಹಾಗೆ ಸೀರೆಯನ್ನು ಎತ್ತಿ ಕಟ್ಟಿ, ಮೈಲಿಗಲ್ಲಿನ ಮೇಲೆ ನಿಂತು ಹತ್ತುವುದನ್ನು ಕಲಿತೆ. ಇಳಿಯಲೂ ಕಲ್ಲೇ ಬೇಕಾಗಿತ್ತು. ದಾರಿಯಲ್ಲಿ ಯಾರಾದರೂ ಗುರುತಿನವರು ನಿಲ್ಲಿಸಿದರೆ ಮುಂದಿನ ಮೈಲಿಗಲ್ಲಿನ ಹತ್ತಿರ ಬನ್ನಿ ಎನ್ನುತ್ತಿದ್ದೆ. ಊರೊಳಗೆ ಹತ್ತಲು ನಾಚಿಕೆ. ಊರು ದಾಟುವವರೆಗೆ ತಳ್ಳಿಕೊಂಡೇ ಹೋಗುತ್ತಿದ್ದೆ. ಲೆಕ್ಕ ಹಾಕಿದರೆ ನಾನು ಸೈಕಲ್ಲಿನ ಮೇಲೆ ಹೋದಷ್ಟೇ ದೂರ ಸೈಕಲ್ಲು ನನ್ನ ಜೊತೆ ನಡೆದಿದೆ.

ಸೈಕಲ್ ಹೊಡೆಯುವಾಗ ಸೆರಗು ತಲೆಯ ಮೇಲೆ ನಿಲ್ಲುವುದಿಲ್ಲ. ತಾಳಿಯಿಲ್ಲದ ಕತ್ತನ್ನು ಏಳುಮಲೈಗೆ ಕಾಣದಂತೆ ಸೆರಗಿನಲ್ಲಿ ಸುತ್ತಿ ಮುಚ್ಚಬಹುದು, ಬರಿದಾದ ಹಣೆಯನ್ನು ಮುಚ್ಚಲಾಗದು. ಶಿವಾಜಿನಗರದ ಫುಟ್‌ಪಾತಿನಲ್ಲಿ ಕೆಂಪು ಸ್ಟಿಕ್ಕರ್ ಬೊಟ್ಟಿನ ಒಂದು ಪಟ್ಟಿ ಕೊಂಡುಕೊಂಡೆ. ಬೆಳಿಗ್ಗೆ ಊರು ದಾಟಿದ ಮೇಲೆ ಒಂದು ಬೊಟ್ಟನ್ನು ಹಣೆಗೆ ಇಟ್ಟುಕೊಳ್ಳುವುದು. ರೈಲಿನಲ್ಲಿ ಬೆಂಗಳೂರು ಈಸ್ಟ್ ದಾಟಿದ ಕೂಡಲೇ ಅದನ್ನು ಕಿತ್ತು ಪಾಸಿನ ಪ್ಲಾಸ್ಟಿಕ್ಕಿಗೆ ಅಂಟಿಸುವುದು. ಸಂಜೆ ಮತ್ತೆ ಅದೇ. ಎದುರು ಕೂತು ಹೂ ಕಟ್ಟುತ್ತಿದ್ದ ಹೆಂಗಸರು ಇದನ್ನು ನೋಡಿಯೂ ಒಂದು ಮಾತು ಕೇಳಲಿಲ್ಲ. ಹೂ ಕಟ್ಟುವವರಿಗೆ ಎಷ್ಟೋ ಸಂಗತಿ ಗೊತ್ತಿರುತ್ತದೆ.

ಏಳುಮಲೈ ಮಾತ್ರ ದಿನಾ ಕೇಳುತ್ತಿದ್ದ. "ಅಣ್ಣನ ಕಾಗದ ಬಂತಾ ಅಕ್ಕ? ಅಲ್ಲಿ ಮುದ್ದೆ ಸಿಗಲ್ವಂತಲ್ಲ, ಹೆಂಗಿದಾರೆ?" ನಮ್ಮ ಆಫೀಸಿನಲ್ಲಿ ಬೀದರ್ ಕಡೆಯ ಒಬ್ಬ ಗುಮಾಸ್ತರಿದ್ದರು. ಅವರ ಬಾಯಿಂದ ಅಷ್ಟಿಷ್ಟು ವಿಷಯ ಹೊರಡಿಸಿಕೊಂಡು ಸಂಜೆ ಸ್ಟ್ಯಾಂಡಿಗೆ ತರುತ್ತಿದ್ದೆ. ಜೋಳದ ರೊಟ್ಟಿ ಈಗ ಒಗ್ಗಿದೆಯಂತೆ. ಬಿಸಿಲಿಗೆ ಮೈಮೇಲೆ ಗುಳ್ಳೆ ಎದ್ದಿತ್ತಂತೆ, ಈಗ ವಾಸಿಯಂತೆ. ಕೋಟೆಯ ಹತ್ತಿರ ಒಂದು ರೂಮು ಸಿಕ್ಕಿದೆಯಂತೆ. ಮಕ್ಕಳೇ, ನಿಮಗೆ ಸುಳ್ಳು ಹೇಳಬಾರದೆಂದು ಪಾಠ ಹೇಳುವ ಅಜ್ಜಿಯೇ ಹೀಗೆ ಒಂದು ಸಂಸಾರದಷ್ಟು ಸುಳ್ಳನ್ನು ಕಟ್ಟಿದಳು. ಏನು ಮಾಡಲಿ, ಇಡೀ ದಿನದಲ್ಲಿ ನಿಮ್ಮ ತಾತ ಚೆನ್ನಾಗಿದ್ದಾರೆ ಎಂದು ನಾನು ಹೇಳಬಹುದಾಗಿದ್ದ ಜಾಗ ಅದೊಂದೇ ಆಗಿತ್ತು.

ದೀಪಾವಳಿಗೂ ಅವರು ಬರಲಿಲ್ಲವೆಂದಾಗ ಏಳುಮಲೈಗೆ ಸಿಟ್ಟು ಬಂತು. "ಎಂಥ ಆಫೀಸಕ್ಕ ಅದು? ಇಲ್ಲ, ಅಣ್ಣಾನೇ ಅಲ್ಲೊಂದು ಮನೆ ಮಾಡ್ಕೊಂಡವ್ರೋ ಏನೋ. ರೊಟ್ಟಿ ತಟ್ಟೋರು ಸಿಕ್ಕಿರ್ಬೇಕು, ಒಂದ್ಕಿತ ಹೋಗ್ಬಿಟ್ಟು ನೋಡ್ಕೊಂಬನ್ನಿ" ಎಂದು ನಕ್ಕ. ನಾನೂ ನಕ್ಕೆ. ಆದರೆ ಸೈಕಲ್ ತುಳಿಯುತ್ತಾ ಮನೆಗೆ ಬರುವಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಬೀದರಿನಲ್ಲಿ ಯಾರೋ ಒಬ್ಬಳು ಅವರ ತಟ್ಟೆಗೆ ರೊಟ್ಟಿ ಹಾಕುತ್ತಿರುವುದು ಕಣ್ಣಿಗೆ ಕಟ್ಟಿತು. ಎರಡು ದಿನ ನಾನು ನಿಮ್ಮ ತಾತನ ಮೇಲೆ ಮುನಿಸಿಕೊಂಡಿದ್ದೆ. ಮೂರನೆಯ ದಿನ ಕೆರೆಯ ಏರಿಯ ಮೇಲೆ ಸೈಕಲ್ ನಿಲ್ಲಿಸಿ ಅತ್ತೆ. ಅವರು ಹೋದ ಮೇಲೆ ನಾನು ಚೆನ್ನಾಗಿ ಅತ್ತಿದ್ದು ಅವತ್ತೇ.

ಹೀಗೆ ಹೆಚ್ಚುಕಡಿಮೆ ಒಂದು ವರ್ಷ ಕಳೆಯಿತು. ಒಂದು ಸಂಜೆ ರೈಲಿಳಿದು ಬಂದಾಗ ಸ್ಟ್ಯಾಂಡಿನ ಬಾಗಿಲಲ್ಲಿ ಏಳುಮಲೈ ಬಿಳಿ ಪಂಚೆ ಉಟ್ಟು ನಿಂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಸೆಲ್ವಿ. ಅವಳ ಕೈಯ ತಟ್ಟೆಯಲ್ಲಿ ಲಗ್ನಪತ್ರಿಕೆ, ಎಲೆ ಅಡಿಕೆ, ಕುಂಕುಮದ ಭರಣಿ. "ಮಗಳ ಮದುವೆ ಅಕ್ಕ. ಮೊದಲ ಪತ್ರಿಕೆ ದೇವರಿಗೆ ಇಟ್ವಿ, ಎರಡನೇದು ನಿಮಗೆ. ಅಣ್ಣಂಗೆ ಇನ್ನೊಂದು ಪೋಸ್ಟ್ ಮಾಡ್ತೀನಿ, ಬೀದರ್ ಅಡ್ರೆಸ್ ಬರ್ಕೊಡಿ. ನಾನು ಕರೆದ್ರೆ ಅಣ್ಣ ಬರ್ದೆ ಇರಲ್ಲ" ಎಂದು ಜೇಬಿನಿಂದ ಪೆನ್ನು ತೆಗೆದ.

ಸೆಲ್ವಿ ಕುಂಕುಮದಲ್ಲಿ ಬೆರಳದ್ದಿ ನನ್ನ ಹಣೆಯ ಕಡೆಗೆ ಕೈ ನೀಡಿದಳು.

ನಾನು ಮುತ್ತೈದೆಯೆಂದು ತಿಳಿದು ಅವಳು ಮಗಳ ಮದುವೆಯ ಕುಂಕುಮ ಇಡಲು ಬಂದಿದ್ದಾಳೆ. ನಾನು ಸುಮ್ಮನೆ ಹಣೆ ಒಡ್ಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೀವು ಈಗ ಇದನ್ನೆಲ್ಲ ನಂಬುವುದಿಲ್ಲ, ನಂಬದಿರುವುದೇ ಒಳ್ಳೆಯದು. ಆದರೆ ನಾನು ನಂಬಿದ್ದೆ. ನಾಳೆ ಆ ಹುಡುಗಿಯ ಬಾಳಿನಲ್ಲಿ ಒಂದು ಹುಲ್ಲುಕಡ್ಡಿ ಅಲುಗಿದರೂ ಅದು ನನ್ನ ಸುಳ್ಳಿನಿಂದ ಎಂದೇ ನಾನು ಕೊರಗುತ್ತಿದ್ದೆ. ಮುಖ ಹಿಂದೆಳೆದುಕೊಂಡು ಹಣೆಯ ಬೊಟ್ಟನ್ನು ಉಗುರಿನಿಂದ ಕಿತ್ತೆ.

"ಅವರು ಇಲ್ಲ" ಎಂದೆ. ಇಬ್ಬರಿಗೂ ಅರ್ಥವಾಗಲಿಲ್ಲ. "ಬೀದರಿನಲ್ಲೂ ಇಲ್ಲ. ತೀರಿಕೊಂಡರು."

ಆ ವಾಕ್ಯವನ್ನು ನಾನು ಹೇಳಿದ್ದು ಅದೇ ಮೊದಲು.

ಏಳುಮಲೈ ಅಲ್ಲೇ ಕಟ್ಟೆಯ ಮೇಲೆ ಕೂತ. "ಯಾವತ್ತಕ್ಕ?" ಎಂದ.

"ಕೊನೇ ಸಲ ಇಲ್ಲಿ ಸೈಕಲ್ ಬಿಟ್ಟರಲ್ಲ, ಅವತ್ತೇ."

ಬಯ್ಯಬಹುದಾಗಿತ್ತು, ಬಯ್ಯಲಿಲ್ಲ. ಬಿಳಿ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡು ಹೇಳಿದ: "ಅವತ್ತು ಬೆಳಿಗ್ಗೆ ಬಿಲ್ಲೆ ಇಸ್ಕೊಂಡು, ಚೈನು ಸದ್ದು ಮಾಡ್ತಾ ಐತೆ ಏಳುಮಲೈ, ಸಂಜೆ ಎಣ್ಣೆ ಬಿಡೋಣ ಅಂದ್ರು. ಅಷ್ಟೇ ಹೇಳಿದ್ದು. ಸಂಜೆ ಬರ್ಲಿಲ್ಲ, ನಾನೇ ಬಿಟ್ಟೆ."

ಸೆಲ್ವಿಯ ಬೆರಳಿನಲ್ಲಿ ಕುಂಕುಮ ಹಾಗೇ ಇತ್ತು. ತೆಗೆದ ಕುಂಕುಮವನ್ನು ಭರಣಿಗೆ ವಾಪಸ್ ಹಾಕುವುದಿಲ್ಲ, ಒರೆಸಿ ಎಸೆಯುವುದೂ ಇಲ್ಲ. ಅವಳು ಒಂದು ಕ್ಷಣ ನೋಡಿ, ಅದನ್ನು ಸೈಕಲ್ಲಿನ ಹ್ಯಾಂಡಲಿನ ನಡುವೆ ಇಟ್ಟಳು. ಪತ್ರಿಕೆಯನ್ನು ನನ್ನ ಕೈಯಲ್ಲಿಟ್ಟು, "ನೀವು ಬರ್ಬೇಕು ಅಕ್ಕ" ಎಂದಳು. ಮದುವೆಗೆ ಹೋದೆ. ಹಿಂದಿನ ಸಾಲಿನಲ್ಲಿ ಕೂತು ಊಟ ಮಾಡಿ ಬಂದೆ.

ಪತ್ರಿಕೆ ಕೊಟ್ಟ ಮಾರನೆಯ ಬೆಳಿಗ್ಗೆ ಸ್ಟ್ಯಾಂಡಿಗೆ ಹೋದಾಗ ಹಣೆ ಬರಿದಾಗಿತ್ತು. ಏಳುಮಲೈ ಎದ್ದು ಬಂದು ಸೈಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡ, ಬಿಲ್ಲೆ ಕೊಟ್ಟ. ಏನೂ ಕೇಳಲಿಲ್ಲ. ನಾನು ಅಭ್ಯಾಸಬಲದಿಂದ ಎರಡು ನಿಮಿಷ ಅಲ್ಲೇ ನಿಂತೆ. ಅವನು ನೋಯಿಸಬಾರದೆಂದು ಬೇರೆ ಕಡೆ ನೋಡಿದ. ಅದಾದ ಮೇಲೆ ಕೆಲಸ ಬಿಡುವವರೆಗೂ ಅದೇ ಸ್ಟ್ಯಾಂಡಿಗೆ ಹೋದೆ, ಒಂದು ದಿನವೂ ಲೇಟಾಗಲಿಲ್ಲ, ಒಂದು ದಿನವೂ ಅವನು ಅಣ್ಣ ಹೇಗಿದ್ದಾರೆಂದು ಕೇಳಲಿಲ್ಲ. ಒಳ್ಳೆಯವನು. ಆದರೆ ನಿಮ್ಮ ತಾತ ಆಫೀಸಿನಲ್ಲಿ ಕುಸಿದ ದಿನಕ್ಕಿಂತ ಏಳುಮಲೈ ಕೇಳುವುದನ್ನು ನಿಲ್ಲಿಸಿದ ದಿನವೇ ನನಗೆ ಹೆಚ್ಚು ನೆನಪಿದೆ.

ಸತ್ತವರ ವಿಷಯ ಎತ್ತಿದರೆ ಉಳಿದವರಿಗೆ ನೋವಾಗುತ್ತದೆ ಎಂದು ಎಲ್ಲರೂ ಸುಮ್ಮನಿರುತ್ತಾರೆ. ನಿಮ್ಮಮ್ಮನೂ ಹಾಗೇ ಅಂದುಕೊಂಡು ನಿಮಗೂ ಹೇಳಿಕೊಟ್ಟಿದ್ದಾಳೆ. ನೋವಾಗುತ್ತದೆ, ನಿಜ. ಆದರೂ ಕೇಳಿ. ಅವರು ಅನ್ನಕ್ಕೆ ಎಷ್ಟು ಮಜ್ಜಿಗೆ ಹಾಕಿಕೊಳ್ಳುತ್ತಿದ್ದರು, ಯಾವುದಕ್ಕೆ ರೇಗುತ್ತಿದ್ದರು, ಮಳೆ ಬಂದರೆ ಎಲ್ಲಿ ನಿಲ್ಲುತ್ತಿದ್ದರು ಎಂದು ಕೇಳಿ. ನಾಚಿಕೆಯ ಅಜ್ಜಿ ಮೊದಲು ತಡವರಿಸಬಹುದು, ಆಮೇಲೆ ಹೇಳುತ್ತಾಳೆ, ಈ ಸಲ ನಿಜವನ್ನೇ. ಕೇಳಲು ನಾನೂ ಸಿಗದ ದಿನಕ್ಕೆ ಈ ಹಾಳೆಗಳಿರಲಿ. ಟ್ರಂಕಿನಲ್ಲಿ ಬೇವಿನೆಲೆ ಹಾಕಿ ಇಡಿ, ಗೆದ್ದಲು ಹತ್ತದಂತೆ ನೋಡಿಕೊಳ್ಳಿ, ಹಳೇ ಪೇಪರಿನವನ ತಕ್ಕಡಿಗೆ ಮಾತ್ರ ಹಾಕಬೇಡಿ.