ಖಾರದಕ್ಕನ ಬೇರಿನ ಪಾತಿ

ಬೀದಿಯವರು ಅವಳನ್ನು ಖಾರದಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರು ಬೇರಿನಿಂದ ಬಂತೋ ಬಾಯಿಂದ ಬಂತೋ ಎಂದರೆ, ಎರಡರ ರುಚಿಯನ್ನೂ ಕಂಡವರು ನಕ್ಕು ಸುಮ್ಮನಾಗುತ್ತಿದ್ದರು. ಅವಳು ಹಿತ್ತಿಲಲ್ಲಿ ಬೆಳೆಯುತ್ತಿದ್ದುದು ಹಾರ್ಸ್‌ರ್ಯಾಡಿಶ್. ನೋಡಲು ಮಣ್ಣು ಮೆತ್ತಿದ ಸಾಧು ಬೇರು. ತುರಿದರೆ ಸಾಸಿವೆಯ ಅಪ್ಪನಂಥ ಘಾಟು, ಕಣ್ಣು ಮೂಗು ಒಟ್ಟಿಗೇ ಸುರಿಯಬೇಕು. ಪೇಟೆಯ ಹೋಟೆಲೊಂದರ ಅಡುಗೆಯವನು ಅದನ್ನು ವಿನೆಗರ್‌ನಲ್ಲಿ ಕಲಸಿ ಮಾಂಸದ ಜೊತೆ ಬಡಿಸುತ್ತಿದ್ದ. ಅವಳದ್ದಲ್ಲದ ಬೇರನ್ನು ಅವನು ಮುಟ್ಟುತ್ತಿರಲಿಲ್ಲ.

ಬೇರು ತೋಳಿನಷ್ಟು ದಪ್ಪವಾಗಿ ನೆಟ್ಟಗೆ ಇಳಿಯಬೇಕಾದರೆ ಆರೈಕೆ ಬೇಕು. ಅವಳು ತುಂಡುಗಳನ್ನು ಓರೆಯಾಗಿ ನೆಡುತ್ತಿದ್ದಳು. ಬೇಸಿಗೆಯ ನಡುವೆ ಮಣ್ಣು ಸರಿಸಿ, ಪಕ್ಕದಲ್ಲಿ ಒಡೆದ ಎಳೆಬೇರುಗಳನ್ನು ಒರಟು ಬಟ್ಟೆಯಿಂದ ಉಜ್ಜಿ ತೆಗೆದು, ಮತ್ತೆ ಮಣ್ಣು ಹೊದಿಸುತ್ತಿದ್ದಳು. ಪಾತಿಯ ಸುತ್ತ ನೆಲದೊಳಗೆ ತಗಡು ಹೂತಿದ್ದಳು. ಏಕೆಂದರೆ ಈ ಬೇರಿನ ಬೆರಳುಗಾತ್ರದ ಚೂರು ಸಿಕ್ಕರೂ ಸಾಕು, ಹೊಸ ಗಿಡವಾಗಿ ನೆಲವನ್ನೇ ನುಂಗುತ್ತದೆ.

ಮನೆಯ ಇನ್ನರ್ಧ ಮೈದುನನದು. ವೆಲ್ಡಿಂಗ್ ಕೆಲಸದವನು. ಅಣ್ಣ ಸತ್ತ ಮೇಲೆ ಇಡೀ ಹಿತ್ತಿಲಿನಲ್ಲಿ ತನ್ನ ವ್ಯಾನ್ ನಿಲ್ಲಿಸುವ ಆಸೆ ಅವನಿಗೆ.

"ಅತ್ತಿಗೆ, ಆ ಕಳೆ ಕಿತ್ತು ಜಾಗ ಬಿಡಿ."

"ನಿನ್ನ ವ್ಯಾನನ್ನ ನಿನ್ನ ತಲೆ ಮೇಲೆ ನಿಲ್ಲಿಸ್ಕೋ. ಅಲ್ಲೇ ಜಾಗ ಖಾಲಿ ಇದೆ."

ಅಂದಿನಿಂದ ಹಾವು ಮುಂಗುಸಿ. ನಡುವೆ ಸಿಕ್ಕು ನಲುಗಿದವಳು ಅವನ ಹೆಂಡತಿ. ಖಾರದಕ್ಕನ ಗಂಡ ಸತ್ತಾಗ ಅವಳ ಪಕ್ಕದಲ್ಲಿ ರಾತ್ರಿ ಹಗಲು ಕೂತವಳು ಈ ಓರಗಿತ್ತಿಯೇ. ಮಾತು ಕಡಿಮೆ. ತಗಡಿನ ಆಚೆ ಬದಿಯಲ್ಲಿ ಡೇಲಿಯಾ ಹೂವು ಬೆಳೆಯುವುದೊಂದೇ ಅವಳ ಹುಚ್ಚು.

ಒಂದು ದಿನ ಖಾರದಕ್ಕ ದವಡೆ ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಮನೆಗೆ ಬಂದಳು. ಹಿತ್ತಿಲಲ್ಲಿ ಟಿಲ್ಲರ್ ಗುಡುಗುತ್ತಿತ್ತು. ತಗಡನ್ನು ಕಿತ್ತು ಬಿಸಾಕಿಯಾಗಿತ್ತು. ಮೈದುನ ಅವಳ ಪಾತಿಯನ್ನು ಉದ್ದಕ್ಕೂ ಅಡ್ಡಕ್ಕೂ ಕೊಚ್ಚಿ, ನೆಲ ಸಮ ಮಾಡಲು ಅದೇ ಯಂತ್ರವನ್ನು ತನ್ನ ಬದಿಯ ಅಂಚಿಗೂ ತಿರುಗಿಸಿದ್ದ. ಬ್ಲೇಡಿಗೆ ಸಿಕ್ಕ ಬಿಳಿ ಚೂರುಗಳು ಹೂವಿನ ಮಡಿಗೆ ಚಿಮ್ಮಿ ಮಣ್ಣಲ್ಲಿ ಬೆರೆಯುತ್ತಿದ್ದವು.

"ಏನು ಅತ್ತಿಗೆ, ಇವತ್ತು ಮಾತೇ ಇಲ್ಲ?" ಎಂದು ಹಲ್ಲು ಕಿರಿದ.

ಹತ್ತಿ ಉಗುಳಿದ್ದರೆ ಮಾತು ಹೊರಡುತ್ತಿತ್ತು. 'ನಿಲ್ಲಿಸೋ, ನಿನ್ನ ಹೆಂಡತಿ ಹೂವೂ ಹೋಗತ್ತೆ' ಎನ್ನುವಷ್ಟು ಹೊತ್ತೂ ಇತ್ತು. ಅವಳು ಉಗುಳಲಿಲ್ಲ. ಮೆಟ್ಟಿಲ ಮೇಲೆ ಕೂತು, ಊದಿದ ಕೆನ್ನೆ ಹಿಡಿದುಕೊಂಡು, ಕೊನೆಯ ಸುತ್ತಿನವರೆಗೂ ನೋಡಿದಳು. ಮಾಡಿದ್ದುಣ್ಣೋ ಮಹಾರಾಯ ಎಂದು ಒಳಗೊಳಗೇ ತಣ್ಣಗಾದಳು.

ಚಳಿ ಕಳೆಯುತ್ತಲೇ ಡೇಲಿಯಾ ಮಡಿಯ ತುಂಬ ಕತ್ತೆಕಿವಿಯಂಥ ಎಲೆಗಳು ಎದ್ದವು. ಮೈದುನ ಅಗೆದ, ಅಗೆದಷ್ಟೂ ಚೂರಾಯಿತು, ಚೂರಾದಷ್ಟೂ ಚಿಗುರಿತು. ಸಿಟ್ಟಿಗೆ ಕಳೆನಾಶಕ ಸುರಿದ. ಡೇಲಿಯಾ ಸುಟ್ಟುಹೋಯಿತು, ಬೇರು ಮತ್ತೆ ತಲೆಯೆತ್ತಿತು. ಖಾರದಕ್ಕನ ಪಾತಿಯೂ ಉದ್ಧಾರವಾಗಲಿಲ್ಲ. ಇಲಿಬಾಲದಂಥ ಬೇರುಗಳ ಗೋಜಲು ನೋಡಿ ಅಡುಗೆಯವನು ಬುಟ್ಟಿ ವಾಪಸು ಕಳಿಸಿದ.

ಒಂದು ಬೆಳಿಗ್ಗೆ ಓರಗಿತ್ತಿ ಬಾಗಿಲಿಗೆ ಬಂದಳು. ಅಗೆದು ಅಗೆದು ಅಂಗೈ ಬೊಬ್ಬೆಯೆದ್ದಿತ್ತು.

"ಅಕ್ಕಾ, ಹೀಗಾಗತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಮಾತು ಹೇಳಬಾರ್ದಿತ್ತಾ?"

"ನಿನ್ನ ಗಂಡನ್ನ ಕೇಳು ಹೋಗು."

"ಅವರದ್ದು ಬಿಡಿ, ಅವರ ಬುದ್ಧಿ ನಂಗೊತ್ತು. ನೀವು ನನ್ನ ಹೂವು ಹಾಳಾಗೋದನ್ನ ನೋಡ್ಕೊಂಡೇ ಕೂತಿದ್ರಲ್ಲ."

ಓರಗಿತ್ತಿ ತಿರುಗಿ ನೋಡದೆ ಹೋದಳು.

ಅಂದಿನಿಂದ ಅವಳು ಕಿತ್ತ ಬೇರನ್ನೆಲ್ಲ ಬುಟ್ಟಿಗಟ್ಟಲೆ ತಂದು ಖಾರದಕ್ಕನ ಹೊಸ್ತಿಲಿಗೆ ಸುರಿಯತೊಡಗಿದಳು. ಬೈಗುಳವಿಲ್ಲ, ಮುಖ ನೋಡುವುದಿಲ್ಲ. ಮೈದುನನ ಜೊತೆ ಕೂಗಾಡಿ ಅಭ್ಯಾಸವಾಗಿದ್ದ ಖಾರದಕ್ಕನಿಗೆ ಈ ಮೌನವನ್ನು ಎಲ್ಲಿ ಹಿಡಿದು ಜಗ್ಗಬೇಕೆಂದು ತಿಳಿಯಲಿಲ್ಲ. ಸುರಿದದ್ದನ್ನು ಆರಿಸಿ, ದಪ್ಪನೆಯ ತುಂಡುಗಳನ್ನು ಹಳೆಯ ಡ್ರಮ್ಮುಗಳಲ್ಲಿ ಓರೆಯಾಗಿ ನೆಟ್ಟಳು. ಮರುವರ್ಷ ಅಡುಗೆಯವನು ಮತ್ತೆ ಬೇರು ಒಯ್ದ, ಈ ಸಲ ಘಾಟು ಜೋರಾಗಿದೆ ಎಂದು ಹೊಗಳಿದ.

ಒಮ್ಮೆ ಖಾರದಕ್ಕ ಪೇಟೆಯಿಂದ ಡೇಲಿಯಾ ಗೆಡ್ಡೆಗಳನ್ನು ತಂದು ಓರಗಿತ್ತಿಯ ಕಿಟಕಿಯಲ್ಲಿಟ್ಟಳು. ಮಾರನೆಯ ಬೆಳಿಗ್ಗೆ ಅವು ಖಾರದಕ್ಕನ ಹೊಸ್ತಿಲ ಮೇಲಿದ್ದವು, ಕಿತ್ತ ಬೇರಿನ ಜೊತೆ, ಒಂದೇ ಬುಟ್ಟಿಯಲ್ಲಿ.